ಮೂಡಣ ಬೇಲಿಯ ಕಂಡಿ

"ಬೇಲಿ ಕಂಡಿ ಮುಚ್ಚಬೇಡ ಕಣೇ, ನಾನು ಬಂದೇ ಬರ್ತೀನಿ" ಎಂದು ರಾಸಮಣಿ ಹೇಳಿದ್ದಳು. "ಮುಚ್ಚಲ್ಲ, ಹೋಗು" ಎಂದು ನಕುಲೇಶ್ವರಿ ಮಾತು ಕೊಟ್ಟಿದ್ದಳು. ಊರಿನ ಮೇಲೆ ಶೆಲ್ಲು ಬೀಳತೊಡಗಿದ ದಿನ ಅದು. ನಕುಲೇಶ್ವರಿಯ ಕಂಕುಳಲ್ಲಿ ಹಸುಗೂಸು, ರಾಸಮಣಿಯ ತಲೆಯ ಮೇಲೆ ಬಟ್ಟೆಗಂಟು. ವಾರದಲ್ಲಿ ತಿರುಗಿ ಬರುವವರ ಹಾಗೆ, ಒಲೆಯ ಬೂದಿಯನ್ನೂ ತೆಗೆಯದೆ, ಅಕ್ಕಪಕ್ಕದ ಎರಡು ಮನೆಯವರೂ ಜಾಫ್ನಾ ಸೀಮೆಯ ವಸಾವಿಳಾನ್ ಬಿಟ್ಟರು.

ನಕುಲೇಶ್ವರಿ ತಿರುಗಿ ಬರಲು ಇಪ್ಪತ್ತೇಳು ವರ್ಷ ಹಿಡಿಯಿತು. ಸೇನೆಯವರು ಮುಳ್ಳುತಂತಿ ತೆಗೆದು ಊರನ್ನು ಬಿಟ್ಟುಕೊಟ್ಟಾಗ ಅವಳ ಮನೆಯಿದ್ದಲ್ಲಿ ಬಾವಿಯೊಂದೇ ಉಳಿದಿತ್ತು. ಬಾವಿಯ ಮಗ್ಗುಲಿಗೇ ಎರಡು ಕೋಣೆಯ ಹೊಸ ಮನೆ ಎದ್ದಿತು. ರಾಸಮಣಿ ಅಷ್ಟರಲ್ಲಿ ಕೆನಡಾ ಸೇರಿಯಾಗಿತ್ತು. ಅವಳ ಜಾಗದ ತುಂಬ ಪೊದೆ.

ಅಂದಿನ ಹಸುಗೂಸು ತರ್ಷಿನಿ ಈಗ ಜಾಫ್ನಾದ ಟೆಕ್ನಿಕಲ್ ಕಾಲೇಜಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದಳು. ಹೊಸ ಗೋಡೆಗಳಿಗೆ ಬಣ್ಣ ಬಳಿಯುವ ಮೊದಲೇ ಗ್ರಾಫ್ ಹಾಳೆಯ ಮೇಲೆ ಮನೆಯ ಸುತ್ತಲಿನ ತೋಟ ಬಿಡಿಸಿ ತಂದಳು. ಗೇಟಿನಿಂದ ಜಗಲಿಗೆ ಕೆಂಪು ಹಾಸುಬಿಲ್ಲೆಯ ಹಾದಿ, ಅದರ ಎರಡೂ ಕಡೆ ದಾಸವಾಳ. ಬಾವಿಯ ಹತ್ತಿರ ಮಲ್ಲಿಗೆ ಚಪ್ಪರ. ಮೂಡಣ ಬೇಲಿಯ ಉದ್ದಕ್ಕೂ ಬಾಳೆಯ ಸಾಲು. ನಕುಲೇಶ್ವರಿ ಎಲ್ಲಕ್ಕೂ ತಲೆಯಾಡಿಸಿದಳು. ಆಮೇಲೆ ಮಗಳ ಕೈಯಿಂದ ರಬ್ಬರು ತೆಗೆದುಕೊಂಡು ಮೂಡಣ ಬೇಲಿಯನ್ನು ಒಂದಾಳು ನುಗ್ಗುವಷ್ಟು ಅಳಿಸಿ, ಅಡುಗೆಮನೆಯ ಬಾಗಿಲಿನಿಂದ ಅಲ್ಲಿಗೊಂದು ಗೆರೆ ಎಳೆದಳು. ಬಾಳೆಯ ಸಾಲು ಎರಡು ತುಂಡಾಯಿತು.

"ಈ ದಾರಿ ಎಲ್ಲಿಗೆ ಹೋಗುತ್ತಮ್ಮಾ?"

"ರಾಸಮಣಿ ಮನೆಗೆ."

"ಅಲ್ಲಿ ಮನೆ ಎಲ್ಲಿದೆ? ಹಾವಿದೆ ಅಷ್ಟೆ."

"ಇರ್ಲಿ ಬಿಡು ಪಿಳ್ಳೆ. ಅದೂ ನೆರೆಮನೆಯದೇ."

ಊರೆಲ್ಲ ಇಟ್ಟಿಗೆ ಗೋಡೆ ಕಟ್ಟಿಸಿಕೊಳ್ಳುತ್ತಿರುವಾಗ ನಮಗೆ ಗೂಟದ ಬೇಲಿ, ಅದಕ್ಕೂ ಒಂದು ತೂತು ಎಂದು ತರ್ಷಿನಿ ಗೊಣಗಿದಳು. ಗೇಟಿನಿಂದ ಬರುವವರು ಗಂಡಸರು, ನೆಂಟರು, ಅಂಚೆಯವನು ಎಂದು ತಾಯಿ ಹೇಳಿದಳು. ಹೆಂಗಸರಿಗೆ ಕಂಡಿ. ಸಾರಿನ ಬಟ್ಟಲು, ಒಲೆಗೆ ಕೆಂಡ, ಅತ್ತೆಯ ಮೇಲಿನ ಸಿಟ್ಟು, ಎಲ್ಲ ಅದರಲ್ಲೇ ಓಡಾಡುತ್ತಿದ್ದವು. "ನಿನ್ನ ಹೆರೋ ನೋವು ಬಂದಾಗ ನಾನು ಕೂಗಿದ್ದು ಒಂದೇ ಸಲ. ಹಿಟ್ಟು ಕಲೆಸ್ತಿದ್ದ ಕೈಯಲ್ಲೇ ರಾಸಮಣಿ ನುಗ್ಗಿ ಬಂದ್ಳು." ತರ್ಷಿನಿ ಹಾಳೆಯಲ್ಲಿ ಬಾಳೆಗಳನ್ನು ಸರಿಸಿದಳು. ಬೇಲಿ ಕಟ್ಟುವ ಸಿನ್ನರಾಸ ಹಾಲುವಾಣದ ಗೂಟ ನೆಟ್ಟು, ತಾಳೆಗರಿ ಹೆಣೆದು, ಹೇಳಿದಷ್ಟು ಜಾಗ ಬಿಟ್ಟುಹೋದ. ಮಳೆ ಬಿದ್ದು ಗೂಟಗಳು ಚಿಗುರಿದವು.

ಮರುವರ್ಷ, ಆಗಸ್ಟ್ ರಜೆಗೆ ಬರುತ್ತೇನೆಂದು ರಾಸಮಣಿಯ ಫೋನು ಬಂತು. ಕಂಡಿ ಹಾಗೇ ಇದೆ ಎಂಬ ಮಾತು ನಕುಲೇಶ್ವರಿಯ ನಾಲಗೆಯ ತುದಿಗೆ ಬಂದು ನಿಂತಿತು. ಹೇಳಲಿಲ್ಲ. ಹೇಳಿಸಿಕೊಂಡು ಕಂಡಿಯಿಂದ ಬರುವುದಾದರೆ ಅದರಲ್ಲೇನಿದೆ? ಮರುದಿನವೇ ಆಳು ಕರೆಸಿ, ಪರರ ಜಾಗವೆಂಬುದನ್ನೂ ನೋಡದೆ, ಆ ಕಡೆಯ ಓಣಿಯಿಂದ ಕಂಡಿಯವರೆಗೆ ಪೊದೆ ಕಡಿಸಿ ಕಾಲುದಾರಿ ಮಾಡಿಸಿದಳು.

ರಾಸಮಣಿ ಬರುವ ದಿನ ರಾಗಿ ಪುಟ್ಟು ಬೇಯಿಸಿಟ್ಟು, ಹೊಸ ಸೀರೆಯುಟ್ಟು, ಅಡುಗೆಮನೆಯ ಹೊಸ್ತಿಲ ಮೇಲೆ ಮೂಡಣಕ್ಕೆ ಮುಖ ಮಾಡಿ ಕೂತಳು. ಹತ್ತಾಯಿತು, ಹನ್ನೊಂದಾಯಿತು. ಕಾಲುದಾರಿಯಲ್ಲಿ ಓತಿಕ್ಯಾತವೊಂದು ಓಡಿತು. ಹಿಂದಿನಿಂದ, ಮುಂಬಾಗಿಲ ಕಡೆಯಿಂದ, ವ್ಯಾನಿನ ಹಾರ್ನ್ ಕೇಳಿತು.

ರಾಸಮಣಿ ಗೇಟು ತೆರೆದು, ದಾಸವಾಳಗಳ ನಡುವೆ ಕೆಂಪು ಹಾದಿಯಲ್ಲಿ ನಡೆದು ಬಂದಳು. ಕೂದಲು ಕತ್ತರಿಸಿಕೊಂಡಿದ್ದಳು, ಮೊಣಕಾಲಿಗೆ ಪಟ್ಟಿ ಕಟ್ಟಿದ್ದಳು. ತಬ್ಬಿಕೊಂಡು ಅತ್ತಳು, ಆ ಅಳುವಿನಲ್ಲಿ ಸುಳ್ಳಿರಲಿಲ್ಲ. ಜಗಲಿಯ ಕುರ್ಚಿಯಲ್ಲಿ ಕೂತು ಪುಟ್ಟನ್ನು ಎರಡು ಸಲ ಹಾಕಿಸಿಕೊಂಡಳು. ಈ ಮಣ್ಣು ಇಷ್ಟು ಕೆಂಪಗಿತ್ತೇ ಎಂದು ಕೇಳಿದಳು. ತೋಟದ ಫೋಟೊ ತೆಗೆದಳು, ತರ್ಷಿನಿಯ ಬೆನ್ನು ತಟ್ಟಿದಳು.

ಹೊರಡುವ ಹೊತ್ತಿಗೆ ನಕುಲೇಶ್ವರಿ ಅವಳ ಕೈ ಹಿಡಿದು ಹಿತ್ತಿಲಿಗೆ ಕರೆದೊಯ್ದಳು. ಬಾಳೆಗಳ ನಡುವಿನ ದಾರಿ ಮುಗಿದಲ್ಲಿ ಇಬ್ಬರೂ ನಿಂತರು. ರಾಸಮಣಿ ಕಂಡಿಯನ್ನು ನೋಡಿದಳು. ಬಗ್ಗಿ ಆಚೆಗೂ ನೋಡಿದಳು. ನಕುಲೇಶ್ವರಿ ಅವಳ ಮುಖವನ್ನೇ ನೋಡುತ್ತಿದ್ದಳು.

"ಇಲ್ಲಿ ಎರಡು ಗೂಟ ನೆಡೋದೇ ಮರ್ತಿದ್ದಾನಲ್ಲೇ ನಿನ್ನ ಬೇಲಿಯವನು" ಎಂದಳು ರಾಸಮಣಿ. "ಹೋಗ್ಲಿ, ನೀನೇನೂ ಚಿಂತೆ ಮಾಡ್ಬೇಡ. ಜಾಗಾನ ಕೊಡಿಕಾಮ ಊರಿನ ಒಬ್ರು ಮೇಷ್ಟ್ರಿಗೆ ಮಾರ್ಬಿಟ್ಟೆ. ಒಳ್ಳೆ ಜನ. ಬರೋ ತಿಂಗಳೇ ಸುತ್ತ ಗೋಡೆ ಹಾಕಿಸ್ತಾರಂತೆ."

ಹಿಂದೆ ನಿಂತಿದ್ದ ತರ್ಷಿನಿ ಬಾಯಿ ತೆರೆದಳು. ತಾಯಿ ತಿರುಗಿ ನೋಡಿದ ರೀತಿಗೆ ಮುಚ್ಚಿಕೊಂಡಳು.

"ಒಳ್ಳೇದಾಯ್ತು" ಎಂದಳು ನಕುಲೇಶ್ವರಿ. "ಬಾ, ಬಿಸಿಲು ಸುಡ್ತಿದೆ."

ಹಿಂಗಾರು ಮಳೆಗೆ ಮೊದಲೇ ಆಚೆ ಆಳೆತ್ತರದ ಗೋಡೆ ಎದ್ದಿತು. ಬೇಲಿಯ ಗರಿ ಬದಲಿಸಲು ಬಂದ ಸಿನ್ನರಾಸ, ಗೋಡೆ ಬಂತಲ್ಲ ಅಕ್ಕಾ, ಇಲ್ಲಿ ಎರಡು ಗೂಟ ಹಾಕಿಬಿಡಲೇ, ಈ ಮಳೆಗೇ ಚಿಗುರುತ್ತೆ ಎಂದು ಕೇಳಿದ. ನಕುಲೇಶ್ವರಿ ಬೇಡವೆಂದಳು.

ಮುಚ್ಚುವುದಿಲ್ಲವೆಂದು ಹೇಳಿದ್ದಳು. ಮುಚ್ಚಲಿಲ್ಲ.