ಗಾಳಿಯ ಕೀಲಿಕೈ

ನನ್ನ ದನಿ ಎರಡನೇ ಸಾಲಿನವರಿಗೂ ಕೇಳಿಸಲಾರದು ಎಂಬ ಅಳುಕು ಬೆಳಿಗ್ಗೆಯಿಂದಲೂ ಇತ್ತು, ಯಾರಿಗೂ ಹೇಳಿರಲಿಲ್ಲ. ಆದರೂ ಚಂದ್ರನ ಮೇಲಿನ ನಮ್ಮ ಹೊಸ ದೇಶದ ಸಂವಿಧಾನವನ್ನು ಓದುವ ಕೆಲಸ ನನಗೇ ಬಿತ್ತು. ಅಕ್ಷರ ದುಂಡಗಿದೆಯೆಂದು ಅದನ್ನು ಬರೆದುಕೊಟ್ಟವಳೂ ನಾನೇ ತಾನೇ!

ವಿಧಿಗಳನ್ನು ಒಪ್ಪುವ ಪದ್ಧತಿ ಪುಟ್ಟಮಾದಯ್ಯನವರದು. ಭೂಮಿಯ ಕಂಪನಿಯ ಹಿಡಿತದಿಂದ ಈ ಊರನ್ನು ಬಿಡಿಸಿದ ಹಿರಿಯರು ಅವರು, ಎಲ್ಲರಿಗೂ ತಾತ. ಒಂದೊಂದೇ ವಿಧಿ ಓದಿ, ಊರಿಗೆ ಉಸಿರಾಡುವ ಗಾಳಿ ಒದಗಿಸುವ ಯಂತ್ರ ಒಂದು ಸುತ್ತು ತಿರುಗುವವರೆಗೆ ಕಾಯಬೇಕು. ಅಷ್ಟರಲ್ಲಿ ಒಬ್ಬರು ಬೇಡವೆಂದರೂ ಆ ವಿಧಿ ಬಿದ್ದುಹೋಗುತ್ತದೆ. ನಲವತ್ತು ವಿಧಿಗಳು ಸರಾಗವಾಗಿ ದಾಟಿದವು. ಊಟದ ಮನೆಯಲ್ಲಿ ಜನ ಬೆಂಚು ಹತ್ತಿ ಕುಣಿಯುತ್ತಿದ್ದರು. ನನಗೂ ಮೈಯೆಲ್ಲ ಜುಮ್ಮೆನ್ನುತ್ತಿತ್ತು.

ನಲವತ್ತೊಂದನೆಯದು ಜನರೇ ಪ್ರೀತಿಯಿಂದ ಸೇರಿಸಿದ್ದು: ಊರಿನ ಗಾಳಿಯನ್ನು ಬಿಡುವ, ನಿಲ್ಲಿಸುವ ಕೀಲಿಕೈ ಪುಟ್ಟಮಾದಯ್ಯನವರ ಬಳಿ ಜೀವಮಾನವಿಡೀ ಇರತಕ್ಕದ್ದು.

“ತಾತನ ಹತ್ರಾನೇ ಇರ್ಲಿ ಬುಡ್ರಪ್ಪ!” ಎಂದು ವೆಲ್ಡರ್ ದ್ಯಾವಮ್ಮ ಕೂಗಿದಳು. ಚಪ್ಪಾಳೆಯೋ ಚಪ್ಪಾಳೆ. ಯಂತ್ರ ತನ್ನ ಸುತ್ತು ಶುರುಮಾಡಿತು.

ತಾತ ನನ್ನನ್ನೇ ನೋಡುತ್ತಿದ್ದರು. “ಏನವ್ವ ಚಿತ್ಕಳಾ, ಮೊಕ ಯಾಕಂಗೆ ಮಾಡ್ಕಂಡಿದ್ದೀಯ? ಕೀಲಿಕೈ ಎಲ್ಲಾದ್ರೂ ಮರ್ತು ಬತ್ತೀನಿ ಅಂತ ಭಯಾನಾ?”

ಸಭೆಗೆ ಸಭೆಯೇ ನಕ್ಕಿತು. ಸುತ್ತು ಮುಗಿಯಲು ಇನ್ನು ಸ್ವಲ್ಪವೇ ಉಳಿದಿತ್ತು. ನಾನು ಕಾಗದವನ್ನು ಕೆಳಗಿಟ್ಟೆ.

“ಬೇಡ ತಾತ. ನಮ್ಮ ಉಸಿರು ನಿಮ್ಮ ಕೈಲಿದ್ರೆ, ನಾಳೆ ನಿಮ್ಮೆದುರು ಬೇಡ ಅನ್ನೋ ಧೈರ್ಯ ಯಾರಿಗೂ ಬರಲ್ಲ.”