ಗಾಜಿನಾಚೆಯ ಕೆಲಸ

ಅರವತ್ತೊಂದನೆಯ ಸ್ಲೈಡಿಗೆ ಬರುವಷ್ಟರಲ್ಲಿ ಹುಡುಗಿ ಎದ್ದು ನಿಂತು, ಶೌಚಾಲಯಕ್ಕೆ ಹೋಗಬೇಕು ಎಂದಳು. ಅದು ಸುಳ್ಳು. ಮೋಟಾರ್ ಕಾರ್ಖಾನೆಯವರು ಹತ್ತನೆಯ ತರಗತಿಯ ಮಕ್ಕಳಿಗೆಂದು ಏರ್ಪಡಿಸಿದ್ದ ವೃತ್ತಿ ಪರಿಚಯ ಶಿಬಿರದಲ್ಲಿ ಬೆಳಗಿನಿಂದ ಅವಳು ಕಂಡದ್ದು ಒಂದು ತಂಪು ಕೋಣೆ, ಒಂದು ಪರದೆ, ಪರದೆಯ ಮುಂದೆ ತಮ್ಮ ಮಾತಿಗೆ ತಾವೇ ತಲೆದೂಗುತ್ತಿದ್ದ ಮ್ಯಾನೇಜರು. ಕೆಲಸ ಎಂದರೆ ಒಂದು ಮನೋಭಾವ ಎಂದು ಅವರು ಮೂರು ಸಲ ಹೇಳಿದ್ದರು. ಆ ಮನೋಭಾವವನ್ನು ಎಲ್ಲಿ ಹಿಡಿಯಬೇಕು, ಯಾವ ಕಡೆಗೆ ತಿರುಗಿಸಬೇಕು ಎಂದು ಮಾತ್ರ ಹೇಳಿರಲಿಲ್ಲ. ಮುಂದೇನು ಓದುತ್ತೀ ಎಂದು ಶಾಲೆಯವರು ಕೇಳಿದ್ದಕ್ಕೆ ಬರೆದುಕೊಡಲು ಅವಳಿಗೆ ಉಳಿದಿದ್ದುದು ಎರಡೇ ದಿನ.

ಹೊರಗೆ ಕಾರಿಡಾರು, ಅದರ ಗಾಜಿನಾಚೆ ದುರಸ್ತಿ ವಿಭಾಗ. ನೀಲಿ ಕೋಟು ತೊಟ್ಟ ನಡುವಯಸ್ಸಿನ ಹೆಂಗಸೊಬ್ಬಳು ಬಿಚ್ಚಿಟ್ಟ ಮೋಟಾರಿನ ಹೊಟ್ಟೆಯಿಂದ ಸುಟ್ಟ ತಂತಿ ಕೀಳುತ್ತಿದ್ದಳು. ಹುಡುಗಿ ಬಾಗಿಲು ತಳ್ಳಿ ಒಳಗೆ ಹೋದಳು.

“ಅಕ್ಕಾ, ಇದು ಯಾಕೆ ಸುಟ್ಟೋಯ್ತು?”

ಹೆಂಗಸು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಸುತ್ತಲೂ ಒಂದೇ ಸಮ ಕಪ್ಪಾಗಿದೆ, ನೋಡು. ಇದರ ಕೈಲಾಗದಷ್ಟು ಕೆಲಸ ಹೇರಿದಾರೆ. ಪಾಪ, ಬಾಯಿಲ್ಲದ್ದು, ಬೆಂದುಹೋಯ್ತು.” ಆಮೇಲೆ ಗೂಡಿನಿಂದ ಇನ್ನೊಂದು ರಕ್ಷಣಾ ಕನ್ನಡಕ ತೆಗೆದು ಅವಳ ಮೂಗಿಗೇರಿಸಿ, ಕೈಗೆ ಇಕ್ಕಳ ಕೊಟ್ಟಳು. “ಬಗ್ಗು. ಎಳಿ. ಗಡಿಬಿಡಿ ಮಾಡಬೇಡ.”

ತಂತಿ ಮೊದಲು ಮೊಂಡು ಹಿಡಿಯಿತು, ಆಮೇಲೆ ಬಂತು. ಹುಡುಗಿಯ ಕೈ ಮಣಿಕಟ್ಟಿನವರೆಗೂ ಮಸಿಯಾಯಿತು. ಹೆಂಗಸು ಹೊಸ ತಂತಿ ಕೊಟ್ಟು, ಮರದ ಅಚ್ಚಿಗೆ ನಲವತ್ತು ಸುತ್ತು ಸುತ್ತಿಸಿದಳು. ಬೆರಳಲ್ಲಿ ಸವರಿ ನೋಡಿ, “ಹದಿನೇಳನೇದು ಹದಿನಾರರ ಮೇಲೆ ಹತ್ತಿ ಕೂತಿದೆ. ಬಿಚ್ಚು,” ಎಂದಳು. ಹುಡುಗಿ ಬಿಚ್ಚಿದಳು. ಎರಡನೆಯ ಸಲ ಹೆಂಗಸು ಕೊನೆಯ ಸುತ್ತಿನವರೆಗೂ ಸವರಿ ನೋಡಿದಳು. ಆ ಸುರುಳಿಯನ್ನು ತಾನು ಸುತ್ತಿಟ್ಟಿದ್ದ ಸುರುಳಿಗಳ ಪಕ್ಕದಲ್ಲಿಟ್ಟಳು. ಮುಂದಿನ ಸುರುಳಿಗೆ ಹುಡುಗಿ ತಾನೇ ಕೈಹಾಕಿದಳು.

ಅಷ್ಟರಲ್ಲಿ ಮ್ಯಾನೇಜರು ಬಂದರು, ಹಿಂದೆ ಅವರ ಸಹಾಯಕಿ.

“ಯಾರನ್ನ ಕೇಳಿ ಇವಳ ಕೈಗೆ ಕೆಲಸ ಕೊಟ್ರಿ?”

“ಕೆಲಸ ತೋರಿಸ್ತೀವಿ ಅಂತ ತಾನೆ ಸರ್ ಕರೆಸಿದ್ದು?”

“ತೋರಿಸೋಕೆ ಸ್ಲೈಡ್ ಇದೆ. ನೀವು ನಾಳೆ ಬೆಳಿಗ್ಗೆ ಬರಹದಲ್ಲಿ ಉತ್ತರ ಕೊಡಿ.”

“ಕೊಡ್ತೀನಿ,” ಎಂದಳು ಹೆಂಗಸು, ಇಕ್ಕಳ ಕೆಳಗಿಡದೆ. “ಇಪ್ಪತ್ತೆರಡು ವರ್ಷದಿಂದ ಇಲ್ಲಿ ತಂತಿ ಸುತ್ತುತಾ ಇದೀನಿ. ಇದು ಯಾಕೆ ಸುಟ್ಟೋಯ್ತು ಅಂತ ಕೇಳಿದೋಳು ಇವಳೊಬ್ಬಳೇ. ಅದನ್ನೂ ಬರೀತೀನಿ.”

ಮ್ಯಾನೇಜರಿಗೆ ಅದು ಕೇಳಿಸಲಿಲ್ಲ. ಕೇಳಿಸಿಕೊಳ್ಳದಿರುವುದರಲ್ಲಿ ಅವರು ಪಳಗಿದ ಕೈ. ಹುಡುಗಿಯನ್ನು ತಂಪು ಕೋಣೆಗೆ ವಾಪಸು ತಂದು ಕೂರಿಸಿದರು. ಮಕ್ಕಳನ್ನು ಶಾಲೆಯಿಂದ ಕರೆತಂದಿದ್ದ ಮೇಷ್ಟ್ರು ಅವಳತ್ತ ಹಲ್ಲು ಕಡಿದರು. ಮ್ಯಾನೇಜರು ಟೈ ಸರಿಮಾಡಿಕೊಂಡು ಸಮಾರೋಪ ಭಾಷಣಕ್ಕೆ ನಿಂತರು.

“ನಮ್ಮಲ್ಲಿ ಕೆಲಸ ಬೇಕಾದಷ್ಟಿದೆ, ಜನ ಸಿಗ್ತಿಲ್ಲ. ಯಾಕೆ? ಇವತ್ತಿನ ಮಕ್ಕಳಿಗೆ ಕೈ ಕೊಳೆ ಮಾಡಿಕೊಳ್ಳೋಕೆ ಇಷ್ಟ ಇಲ್ಲ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಸಹಾಯಕಿ ಸಾಲುಗಳ ನಡುವೆ ಬಗ್ಗಿಕೊಂಡು ಬಂದು, ಹುಡುಗಿಯ ಮಡಿಲಿಗೆ ಒಂದು ಒದ್ದೆ ಕಾಗದ ಹಾಕಿ ಪಿಸುಗುಟ್ಟಿದಳು: “ಬೇಗ ಒರೆಸಿಕೋ. ಫೋಟೋ ಇದೆ.”

ಹುಡುಗಿ ಒರೆಸಿಕೊಳ್ಳಲಿಲ್ಲ. ಅವಳನ್ನು ಹಿಂದಿನ ಸಾಲಿನಲ್ಲಿ, ಎಲ್ಲರಿಗಿಂತ ಎತ್ತರದವನ ಬೆನ್ನ ಹಿಂದೆ ನಿಲ್ಲಿಸಿದರು.