ಟಾಪು ಏರಿಸಿದ ಮೋಟಾರು

ಮುಕ್ತಾಬಾಯಿ ಗೋಧಿ ಹಿಟ್ಟಿನ ಅಂಟು ಕಲಕುತ್ತಿದ್ದಳು. ಗಂಟಾಗಬಾರದು, ತೀರ ತೆಳ್ಳಗೂ ಆಗಬಾರದು. ಸೊಲ್ಲಾಪುರದ ಆ ಮನೆಯ ಪಡಸಾಲೆಯಲ್ಲಿ ಮಾವ ರಾಚಪ್ಪನವರು ಹೊಸ ಆಲ್ಬಮ್ಮಿನ ಕರಿ ಹಾಳೆಗಳನ್ನು ತಿರುವಿ ನೋಡುತ್ತಿದ್ದರು. ಒಳಬಾಗಿಲಿನ ಮರೆಯಲ್ಲಿ ಅತ್ತೆ ಅಕ್ಕನಾಗಮ್ಮ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ನಿಂತಿದ್ದಳು. ಅವಳ ಕೈಯಲ್ಲಿ ಫೋಟೋಗಳ ಲಕೋಟೆ.

ಆ ಲಕೋಟೆಯೊಳಗೆ ತಾನೂ ಇದ್ದೇನೆಂದು ಮುಕ್ತಾಬಾಯಿಗೆ ಹೆಚ್ಚುಕಡಿಮೆ ಖಾತ್ರಿಯಿತ್ತು.

ಹಿಂದಿನ ಐತವಾರ ಅಕ್ಕಲಕೋಟೆಯ ಬಯಲಿನಲ್ಲಿ ಸೊಲ್ಲಾಪುರದ, ಅಕ್ಕಲಕೋಟೆಯ ಮೋಟಾರುಗಳೆಲ್ಲ ಕೂಡಿದ್ದವು. ಹನ್ನೊಂದು ಮೋಟಾರು, ತೊಳೆದು ಒರೆಸಿ ಒಂದೇ ಸಾಲಿನಲ್ಲಿ. ಗಂಡಸರ ಕೂಟ. ರಾಚಪ್ಪನವರು ತಮ್ಮ ಹೊಸ ಮೋಟಾರನ್ನು ತಾವೇ ನಡೆಸಿಕೊಂಡು ಹೋಗಿದ್ದರು. ಮುಕ್ತಾಬಾಯಿಯ ಗಂಡ ನೂಲಿನ ಕೆಲಸಕ್ಕೆಂದು ಮುಂಬಯಿಯಲ್ಲಿದ್ದ. ಅತ್ತೆಗೆ ಅಂದು ಮೌನವ್ರತ. ನಸುಕಿನಲ್ಲೇ, ಹಿತ್ತಲಿಗೂ ಒಂದು ಬಾಗಿಲಿದ್ದ ದೇವರ ಕೋಣೆ ಸೇರಿದ್ದಳು.

"ದೀಪಾ ಹಚ್ಚೂ ತನಕಾ ಯಾರೂ ಬಾಗಲಾ ಬಡೀಬ್ಯಾಡ್ರಿ. ಮನಿಗಿ ಬೆಂಕಿ ಹತ್ತಿದ್ರೂ ಬಡೀಬ್ಯಾಡ್ರಿ" ಎಂದು ಚಿಲಕ ಹಾಕಿಕೊಂಡಿದ್ದಳು.

ಡ್ರೈವರ್ ಅಮೋಗಸಿದ್ಧ ಹಳೆಯ ಮೋಟಾರಿನಲ್ಲಿ ಕೂಟದ ಊಟ ಸಾಗಿಸುತ್ತಿದ್ದ. ರೊಟ್ಟಿ ಪಲ್ಯದ ಬುಟ್ಟಿಗಳನ್ನು ಮುಟ್ಟಿಸಿ ಬಂದು, ಎರಡನೆಯ ಸಲಕ್ಕೆ ಹೋಳಿಗೆ ತುಂಬುತ್ತಿದ್ದಾಗ ಮುಕ್ತಾಬಾಯಿ ಹೆದರುತ್ತಲೇ ಕೇಳಿದ್ದಳು.

"ಅಣ್ಣಾ, ಆ ಮೋಟಾರ ಸಾಲು ನನಗೂ ಒಂದ್ಸಲ ನೋಡಬೇಕಾಗೇದ."

ಅವನು ಹೌಹಾರಲಿಲ್ಲ. ಯಾಕೆಂದೂ ಕೇಳಲಿಲ್ಲ. "ಹತ್ರಿ ವೈನಿ" ಎಂದು ಬುಟ್ಟಿ ಸರಿಸಿ ಜಾಗ ಮಾಡಿದ.

ಅರ್ಧ ತಾಸು ಅವಳು ಸಾಲಿನ ಹಿಂದಿನಿಂದ ಅಡ್ಡಾಡಿದಳು. ಕೆಂಪು ದೀಪಗಳನ್ನು ಮುಟ್ಟಿದಳು, ಹೆಚ್ಚುವರಿ ಗಾಲಿಗಳ ಮೇಲೆ ಕೈಯಾಡಿಸಿದಳು. ನೀಲಿ ಬಣ್ಣದ ಒಂದು ಮೋಟಾರಿಗೆ ಮಾತ್ರ ಟಾಪು, ಅಂದರೆ ಮಡಚುವ ಬಟ್ಟೆಯ ಚಾವಣಿ, ಏರಿಸಿತ್ತು. ಅದರ ಮರೆಯಲ್ಲಿ ಬಗ್ಗಿ, ಹೊಳೆಯುವ ತಗಡಿನಲ್ಲಿ ತನ್ನ ಮುಖ ನೋಡಿಕೊಂಡಳು. ನಕ್ಕಳು. ತಲೆ ಎತ್ತಿ ಪಕ್ಕಕ್ಕೆ ಇಣುಕಿದರೆ, ಎದುರಿಗೆ ಫೋಟೋದವನು ಕರಿ ಬಟ್ಟೆಯೊಳಗೆ ತಲೆ ಹಾಕಿ ನಿಂತಿದ್ದ. ಕ್ಯಾಮೆರಾ ನೆಟ್ಟಗೆ ಇತ್ತಲೇ ನೋಡುತ್ತಿತ್ತು.

ಅವಳು ಓಡಿದಳು. ಮಧ್ಯಾಹ್ನ ಅವಳನ್ನು ಮನೆಗೆ ಬಿಟ್ಟು, ಜಮಖಾನೆ ತರುವುದಿದೆಯೆಂದು ಅಮೋಗಸಿದ್ಧ ಮತ್ತೆ ಅಕ್ಕಲಕೋಟೆಗೆ ಹೋದ.

ಸಿಕ್ಕಿಬಿದ್ದರೆ ತವರೂರು ವಾಗದರಿಯೇ ಗತಿ. ದಸರೆಯಲ್ಲಿ ಓಣಿಯ ತುದಿಗೆ ಬ್ಯಾಂಡು ನೋಡಲು ಹೋಗಿದ್ದಕ್ಕೇ ಅತ್ತೆ ಹೇಳಿಬಿಟ್ಟಿದ್ದಳು: "ಇನ್ನೊಮ್ಮಿ ಹೇಳದ ಹೊಸ್ತಲಾ ದಾಟಿದ್ರ ಸೀದಾ ತವರಮನಿ. ಹೊಳ್ಳಿ ಕರಿಯಂಗಿಲ್ಲ." ವಾಗದರಿಯಲ್ಲಿ ತಂಗಿಯ ಮದುವೆ ಗೊತ್ತಾಗಿತ್ತು. ಅಕ್ಕ ಗಂಡನ ಮನೆ ಬಿಟ್ಟು ಬಂದು ಕೂತಳೆಂದರೆ ಆ ಬೀಗರು ಹಿಂದೆ ಸರಿಯುವುದು ಖಂಡಿತ.

ಆ ಸಂಜೆಯೇನೋ ಎಲ್ಲ ನೆಟ್ಟಗಿತ್ತು. ದೀಪದ ಹೊತ್ತಿಗೆ ಅತ್ತೆ ದೇವರ ಕೋಣೆಯಿಂದ ಹೊರಬಂದಳು. ಧೂಪದ ಹೊಗೆಗೆ ಕಣ್ಣು ಕೆಂಪಾಗಿದ್ದವು. ಇಡೀ ದಿನದ ಉಪವಾಸವಾದರೂ ಊಟ ಬೇಡವೆಂದಳು. "ಹೊಟ್ಟಿ ತುಂಬೇದ. ಎಲ್ಲಾ ದೇವರ ದಯಾ."

ಇಂದು ಹಾಗಿರಲಿಲ್ಲ. ಸ್ಟುಡಿಯೋದಿಂದ ಬಂದ ಲಕೋಟೆಯನ್ನು ಅತ್ತೆ ಎಲ್ಲರಿಗಿಂತ ಮೊದಲು ಕಿತ್ತುಕೊಂಡಿದ್ದಳು. ಓಣಿಯ ತುದಿಗೂ ಕೇಳುವಂಥ ಅವಳ ದನಿ, ಅತಿಥಿಗಳು ಬಂದಾಗಿನಿಂದ ಅಡಗಿಹೋಗಿತ್ತು. ಕೆಮ್ಮು ಬಂದರೂ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಎಂಥ ಸಿಟ್ಟಿದು ಎಂದುಕೊಂಡಳು ಮುಕ್ತಾಬಾಯಿ.

ಅತಿಥಿಗಳು ಇಬ್ಬರು. ಪಕ್ಕದ ಓಣಿಯ ಬಂಡೆಪ್ಪ, ಅಕ್ಕಲಕೋಟೆಯ ಅಮೃತಪ್ಪ. ಅಮೃತಪ್ಪ ಈ ಮನೆಗೆ ಬಂದದ್ದು ಇದೇ ಮೊದಲು.

ಅತ್ತೆ ಒಂದೊಂದೇ ಫೋಟೋ ನೋಡಿ ಕೊಡುತ್ತಿದ್ದಳು. ಮುಕ್ತಾಬಾಯಿ ಬೆನ್ನಿಗೆ ಅಂಟು ಸವರಿ ಪಡಸಾಲೆಗೆ ಮುಟ್ಟಿಸುತ್ತಿದ್ದಳು. ಪ್ರತಿ ಫೋಟೋಕ್ಕೂ ಅಲ್ಲಿ ಗದ್ದಲ.

"ಏ, ಇದರಾಗ ನನ್ನ ಮೋಟಾರ ಎಲ್ಲದಪಾ? ಬರೇ ನನ್ನ ಹೊಟ್ಟಿ ಬಂದದ!" ಬಂಡೆಪ್ಪನ ದನಿ.

"ಎರಡೂ ಒಂದ ಅಳತಿ ಅವ, ಬಿಡು" ಎಂದರು ರಾಚಪ್ಪನವರು.

ಒಂಬತ್ತನೆಯದಕ್ಕೆ ಅತ್ತೆಯ ಕೈ ನಿಂತಿತು. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಸೊಸೆಯನ್ನು ನೋಡಿದಳು, ಅಡಿಯಿಂದ ಮುಡಿಯವರೆಗೆ. ಮತ್ತೆ ಫೋಟೋ ನೋಡಿದಳು. ಆಮೇಲೆ ಅದನ್ನು ಸೊಂಟದ ನೆರಿಗೆಯೊಳಗೆ ತುರುಕಿಕೊಂಡಳು.

ಮುಕ್ತಾಬಾಯಿಯ ಕೈಯಿಂದ ಅಂಟು ತೊಟ್ಟಿಕ್ಕಿ ಕಾಲ ಮೇಲೆ ಬಿತ್ತು. "ಅತ್ತಿ, ತಪ್ಪಾತು ನಂದು. ವಾಗದರಿಗಿ ಕಳಸಬ್ಯಾಡ್ರಿ" ಎಂದು ಪಿಸುಗುಟ್ಟಿದಳು.

ಅತ್ತೆ ತುಟಿಯ ಮೇಲೆ ಬೆರಳಿಟ್ಟಳು.

ಹೊರಗೆ ಬಂಡೆಪ್ಪ ಹೊಸ ಅತಿಥಿಯನ್ನು ಹಿಡಿದಿದ್ದ. "ಅಲ್ಲೋ ಅಮೃತಪ್ಪ, ಎಲ್ಲಾರ ಮೋಟಾರೂ ಬಿಸಲಿಗಿ ಮೈ ಒಡ್ಡಿ ನಿಂತಿದ್ವು. ನಿನ್ನ ನೀಲಿ ಮೋಟಾರ ಒಂದು ಯಾಕ ಟಾಪು ಏರಿಸಿ, ಮದಿಮಗಳಂಗ ಮುಸುಕು ಹಾಕ್ಕೊಂಡಿತ್ತು?"

ಅಮೃತಪ್ಪ ಜೋರಾಗಿ ನಕ್ಕ. "ಅದ ಖರೇ ಮಜಾ ನೋಡ್ರಿ. ಯಾರೋ ಒಬ್ಬಾಕಿ ಹಿರೇ ಹೆಣ್ಮಗಳು, ಮಾರಿ ತುಂಬಾ ಸೆರಗು, ಬಂದಾಕಿನ ನನ್ನ ಬಾಜೂಕ ಹತ್ತಿ ಕುಂತಳು. 'ತಮ್ಮಾ, ಟಾಪು ಏರಸು, ನಮ್ಮನಿಯವ್ರು ಅಲ್ಲೇ ನಿಂತಾರ. ಜೋರಲೇ ಒಂದು ಸುತ್ತ ಹೊಡಿ' ಅಂದ್ಲು. ಒಂದಂತ ಹೇಳಿ ಮೂರು ಸುತ್ತ ಹಾಕಸಿದ್ಲು. ಧೂಳಿಗಿ ಕಣ್ಣು ಬಿಡಾಕ ಆಗವಲ್ದು, ಆದ್ರೂ ಹಾರನ್ ಮ್ಯಾಲಿನ ಕೈ ತಗೀಲಿಲ್ಲ. ಹೊಳ್ಳಿ ಬಂದು ಅಲ್ಲೇ ಕುಂತು ನಾಕು ಹೋಳಗಿ ತಿಂದ್ಲು. ಫೋಟೋದಾವ ಬಂದು ನಿಂತ್ರೂ ಇಳೀಲಿಲ್ಲ!"

"ಯಾವ ಮನಿಯಾಕಿನೋ, ಏನೋ!" ರಾಚಪ್ಪನವರು ಕಣ್ಣೊರೆಸಿಕೊಂಡು ನಕ್ಕರು. "ಅಂಥಾಕಿನ್ನ ಕಟ್ಟಿಕೊಂಡವನ ಗತಿ ಏನಪಾ!"

"ಮಾರಿ ನೋಡಿಲ್ರಿ ಅಣ್ಣಾರ. ಆದ್ರ ಆ ದನಿ? ಎಲ್ಲಿ ಕೇಳಿದ್ರೂ ಗುರ್ತ ಹಿಡೀತೀನಿ."

ಮುಕ್ತಾಬಾಯಿ ಮೆಲ್ಲಗೆ ಅತ್ತೆಯ ಕಡೆ ತಿರುಗಿದಳು. ಅಕ್ಕನಾಗಮ್ಮ ಅಂಟಿನ ಬಟ್ಟಲನ್ನು ಭಾರೀ ಆಸಕ್ತಿಯಿಂದ ನೋಡುತ್ತಿದ್ದಳು.

"ಅಕ್ಕಾರ," ಅಮೃತಪ್ಪ ಒಳಗಿನವರಿಗೆ ಕೇಳುವಂತೆ ಕೂಗಿದ, "ನನ್ನ ಮೋಟಾರಿಂದು ಫೋಟೋ ಒಂದು ಇತ್ತ ಕೊಡ್ರಿ."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು; ಸೊಸೆ ಅತ್ತೆಯ ಸೊಂಟದಿಂದ ಇಣುಕುತ್ತಿದ್ದ ಫೋಟೋದ ತುದಿಯನ್ನು ಒಳಕ್ಕೆ ತಳ್ಳಿದಳು.